ಅಮೆರಿಕದ ಪೌರತ್ವ, ಪಾಸ್‌ಪೋರ್ಟ್ ಸರೆಂಡರ್, ಒಸಿಐ ಕಾರ್ಡ್: ಯಾವುದು ಮೊದಲು, ಯಾವುದು ಆಮೇಲೆ?

"ಅಮೆರಿಕದ ಪೌರತ್ವ ತಗೊಂಡರೆ ಇಂಡಿಯನ್ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದಾ? ಊರಿನ ತೋಟ ಕೈಬಿಟ್ಟು ಹೋಗುತ್ತಾ? ವಯಸ್ಸಾದ ಅಪ್ಪ-ಅಮ್ಮನ ಜೊತೆ ಏಳೆಂಟು ತಿಂಗಳು ಇದ್ದು ಬರಬೇಕು, ವೀಸಾ ತಲೆನೋವು ಇರುತ್ತಾ?" ಗ್ರೀನ್ ಕಾರ್ಡ್ ಬಂದು ನಾಲ್ಕೈದು ವರ್ಷ ಆದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳಿವು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಎಲ್ಲ ಅರ್ಹತೆ ಇರುವವರೂ ಕೆಲಸಗಳನ್ನು ಹಿಂದೆ ಮುಂದೆ ಮಾಡಿ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತಾರೆ. ಆದ್ದರಿಂದ ಕ್ರಮ ತಪ್ಪಿಸಬೇಡಿ.

ಮೊದಲ ಪ್ರಶ್ನೆಗೆ ಉತ್ತರ: ಇಟ್ಟುಕೊಳ್ಳುವಂತಿಲ್ಲ. ಭಾರತದಲ್ಲಿ ದ್ವಿಪೌರತ್ವ ಇಲ್ಲ. ಸಂವಿಧಾನದ 9ನೇ ವಿಧಿ ಮತ್ತು 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಎರಡೂ ಇದನ್ನೇ ಹೇಳುತ್ತವೆ. ನೀವಾಗಿಯೇ ಬೇರೆ ದೇಶದ ಪೌರತ್ವ ಪಡೆದ ಗಳಿಗೆಯಲ್ಲೇ ಭಾರತದ ಪೌರತ್ವ ತಾನಾಗಿ ಕೊನೆಯಾಗುತ್ತದೆ. ಯಾರಿಗೂ ಅರ್ಜಿ ಕೊಡಬೇಕಿಲ್ಲ, ಯಾರೂ ನೋಟಿಸ್ ಕಳಿಸಬೇಕಿಲ್ಲ. ಬ್ರಿಟನ್ನಿನವರು, ಮೆಕ್ಸಿಕೊದವರು ಎರಡೂ ಪಾಸ್‌ಪೋರ್ಟ್ ಇಟ್ಟುಕೊಂಡು ಓಡಾಡುವುದನ್ನು ನೋಡಿ ನಮಗೂ ಹಾಗೆಯೇ ಇರಬೇಕು ಅಂದುಕೊಳ್ಳುತ್ತಾರೆ. ಅಮೆರಿಕದ ಕಾನೂನು ಅದಕ್ಕೆ ಅಡ್ಡಿ ಮಾಡುವುದಿಲ್ಲ ನಿಜ. ಅಡ್ಡಿ ಇರುವುದು ನಮ್ಮ ಕಡೆಯಿಂದ. ಜರ್ಮನಿ 2024ರ ಜೂನ್‌ನಲ್ಲಿ ದ್ವಿಪೌರತ್ವಕ್ಕೆ ಬಾಗಿಲು ತೆರೆದಾಗಲೂ ಅಲ್ಲಿನ ಭಾರತೀಯರಲ್ಲಿ ಇದೇ ಗೊಂದಲ ಆಯಿತು. ಜರ್ಮನಿ ಒಪ್ಪಿದರೂ ಭಾರತ ಒಪ್ಪುವುದಿಲ್ಲ.

ಹಾಗಾದರೆ ನಮಗಿರುವ ದಾರಿ ಒಸಿಐ, ಅಂದರೆ 'ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ' ಕಾರ್ಡ್. 2006ರಲ್ಲಿ ಶುರುವಾದ ವ್ಯವಸ್ಥೆ ಇದು. ಜೀವನಪೂರ್ತಿ ನಡೆಯುವ ವೀಸಾ ಅಂದುಕೊಳ್ಳಿ. ಎಷ್ಟು ಸಲ ಬೇಕಾದರೂ ಬರಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ವಿದೇಶಿಯರ ನೋಂದಣಿ ಕಚೇರಿಗೆ, ಅಂದರೆ ಎಫ್‌ಆರ್‌ಆರ್‌ಒಗೆ ಹೋಗಿ ಹೆಸರು ಬರೆಸಬೇಕಿಲ್ಲ. ಬೆಂಗಳೂರಿನ ಖಾಸಗಿ ಕಂಪನಿಯಲ್ಲಿ ಬೇರೆ ವೀಸಾ ಇಲ್ಲದೆ ಕೆಲಸ ಮಾಡಬಹುದು. ಮನೆ, ಸೈಟು, ಫ್ಲಾಟ್ ಕೊಳ್ಳಬಹುದು. ಹಂಪಿಗೆ ಹೋದರೆ ಭಾರತೀಯರ ದರದಲ್ಲೇ ಟಿಕೆಟ್.

ಸಿಗದೇ ಇರುವುದನ್ನೂ ಗಟ್ಟಿಯಾಗಿ ನೆನಪಿಡಿ. ವೋಟು ಇಲ್ಲ. ಚುನಾವಣೆಗೆ ನಿಲ್ಲುವಂತಿಲ್ಲ, ಗ್ರಾಮ ಪಂಚಾಯಿತಿಗೂ ಇಲ್ಲ. ಸಾಮಾನ್ಯವಾಗಿ ಸರ್ಕಾರಿ ನೌಕರಿ ಇಲ್ಲ. ಕೃಷಿ ಜಮೀನು ಕೊಳ್ಳುವಂತಿಲ್ಲ. ಪತ್ರಿಕಾ ವೃತ್ತಿ, ಸಂಶೋಧನೆ, ಪರ್ವತಾರೋಹಣ, ಧರ್ಮಪ್ರಚಾರ ಇವಕ್ಕೆ ಬೇರೆ ಅನುಮತಿ ಬೇಕು. ನೀವು ಅಥವಾ ನಿಮ್ಮ ಹೆತ್ತವರು, ಅಜ್ಜ-ಅಜ್ಜಿ, ಮುತ್ತಜ್ಜ-ಮುತ್ತಜ್ಜಿ ಯಾವತ್ತಾದರೂ ಪಾಕಿಸ್ತಾನ ಇಲ್ಲವೇ ಬಾಂಗ್ಲಾದೇಶದ ಪೌರರಾಗಿದ್ದರೆ ಒಸಿಐ ಸಿಗುವುದೇ ಇಲ್ಲ.

ತೀರ್ಮಾನಕ್ಕೆ ಮುಂಚೆ ಒಂದು ಮಾತು

ಎರಡು ಮೂರು ವರ್ಷದಲ್ಲಿ ಕಾಯಂ ಆಗಿ ಊರಿಗೆ ಮರಳುವ ಯೋಚನೆ ಗಟ್ಟಿಯಾಗಿದ್ದರೆ, ನನ್ನ ಪ್ರಕಾರ ಸುಮ್ನೆ ಅವಸರ ಬೇಡ. ಅಮೆರಿಕ ತನ್ನ ಪೌರರು ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಆದಾಯದ ಲೆಕ್ಕ ಕೇಳುತ್ತದೆ. ಗ್ರೀನ್ ಕಾರ್ಡಿನವರಿಗೂ ಈ ನಿಯಮ ಇದೆ, ಆದರೆ ಕಾರ್ಡ್ ಬಿಟ್ಟುಕೊಡುವುದು ಪೌರತ್ವ ಬಿಡುವುದಕ್ಕಿಂತ ಸುಲಭ. ಮೈಸೂರಿನಲ್ಲಿ ನಿವೃತ್ತಿ ಜೀವನ ಮಾಡುತ್ತಿದ್ದರೂ, ಆದಾಯ ಮಿತಿ ಮೀರಿದ್ದರೆ ಪ್ರತಿ ವರ್ಷ ಅಮೆರಿಕಕ್ಕೆ ರಿಟರ್ನ್ ಹಾಕಬೇಕು. ಭಾರತದ ಬ್ಯಾಂಕ್ ಖಾತೆಗಳೆಲ್ಲ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಎಂಬ ಖಾತೆ ವಿವರದ ವರದಿಯನ್ನೂ ಸಲ್ಲಿಸಬೇಕು.

ಗಂಡ-ಹೆಂಡತಿ ಇಬ್ಬರೂ ಒಟ್ಟಿಗೇ ಪೌರತ್ವ ತಗೊಳ್ಳಬೇಕು ಅಂತೇನೂ ಇಲ್ಲ. ಒಬ್ಬರು ಭಾರತದ ಪೌರತ್ವ ಉಳಿಸಿಕೊಂಡಿರುವ ಕುಟುಂಬಗಳು ಬೇಕಾದಷ್ಟಿವೆ.

ಹಂತ 1: ಅಮೆರಿಕದ ಪೌರತ್ವದ ಪ್ರಮಾಣವಚನಕ್ಕೆ ಮುಂಚೆ ಜಮೀನಿನ ಲೆಕ್ಕ

ಜನ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಮೊದಲು ಮಾಡಿ.

ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಎಲ್ಲರೂ 'ಫೆಮಾ' ಅನ್ನುವುದು, ಒಸಿಐ ಇರುವವರು ಮತ್ತು ಎನ್‌ಆರ್‌ಐಗಳು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವುದನ್ನು ತಡೆಯುತ್ತದೆ. ಕೊಡಗಿನ ಕಾಫಿ ಎಸ್ಟೇಟೂ ಇದರಲ್ಲಿ ಬಂತು, ಶಿವಮೊಗ್ಗದ ಅಡಿಕೆ ತೋಟವೂ ಬಂತು. ಭಾರತದ ಪೌರರಾಗಿದ್ದು ಹೊರದೇಶದಲ್ಲಿ ನೆಲೆಸಿರುವವರಿಗೂ ಈ ತಡೆ ಇದೆ ಎಂಬುದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

"2020ರಲ್ಲಿ ಕರ್ನಾಟಕದಲ್ಲಿ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಅಂತ ಆಯಿತಲ್ವಾ?" ಎಂದು ಕೇಳುವವರಿದ್ದಾರೆ. ಆಗ ಆಗಿದ್ದು ರಾಜ್ಯದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ. 79ಎ, 79ಬಿ ಸೆಕ್ಷನ್‌ಗಳು ಹೋದವು, ಕೃಷಿಕರಲ್ಲದವರೂ ಕೊಳ್ಳಬಹುದು ಎಂದಾಯಿತು. ಫೆಮಾ ಕೇಂದ್ರದ ಕಾಯ್ದೆ. ಅದು ಹಾಗೆಯೇ ಇದೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿಬಿಟ್ಟಿತು ಎಂದ ಮಾತ್ರಕ್ಕೆ ಫೆಮಾ ಉಲ್ಲಂಘನೆ ಅಳಿಸಿಹೋಗುವುದಿಲ್ಲ. ತಮ್ಮನ ಹೆಸರಿನಲ್ಲಿ ನಿಮ್ಮ ದುಡ್ಡಿನಿಂದ ಕೊಳ್ಳುವ ಉಪಾಯವೂ ಬೇಡ. ಬೇನಾಮಿ ಆಸ್ತಿ ಎಂದು ಜಪ್ತಿ ಆಗಬಹುದು.

ಸಮಾಧಾನದ ವಿಷಯವೂ ಇದೆ. ಪಿತ್ರಾರ್ಜಿತವಾಗಿ ಬರುವ ಕೃಷಿ ಜಮೀನನ್ನು ನೀವು ಪಡೆಯಬಹುದು. ಭಾರತದಲ್ಲಿ ನೆಲೆಸಿದ್ದಾಗ ಕೊಂಡಿದ್ದನ್ನು ಉಳಿಸಿಕೊಳ್ಳಬಹುದು. ಮಾರಬೇಕಾದರೆ ಭಾರತದಲ್ಲಿ ನೆಲೆಸಿರುವ ಭಾರತೀಯರಿಗೆ ಮಾತ್ರ ಮಾರಬೇಕು.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ಅಪ್ಪ ಪ್ರೀತಿಯಿಂದ "ನಾನು ಇರುವಾಗಲೇ ನಿನ್ನ ಹೆಸರಿಗೆ ಮಾಡಿಬಿಡ್ತೀನಿ" ಎಂದು ತೋಟವನ್ನು ದಾನಪತ್ರ ಮಾಡಿಕೊಡುತ್ತಾರೆ. ಎನ್‌ಆರ್‌ಐ ಆಗಲಿ, ಒಸಿಐ ಆಗಲಿ, ಕೃಷಿ ಜಮೀನನ್ನು ದಾನವಾಗಿ ಪಡೆಯುವಂತಿಲ್ಲ. ಅದೇ ತೋಟ ವಿಲ್ ಮೂಲಕ, ಅಂದರೆ ಉಯಿಲಿನಿಂದ, ಅವರ ಕಾಲಾನಂತರ ಬಂದರೆ ತಕರಾರಿಲ್ಲ. ಹಾಗಾಗಿ ಊರಿಗೆ ಹೋದಾಗ ಅಪ್ಪ-ಅಮ್ಮನ ಹತ್ತಿರ ಸಂಕೋಚ ಬಿಟ್ಟು ಮಾತಾಡಿ. ಒಳ್ಳೆಯ ವಕೀಲರನ್ನು ಕಂಡು ವಿಲ್ ಬರೆಸಿ. ಅಣ್ಣತಮ್ಮಂದಿರ ನಡುವೆ ಪಾಲುಪಟ್ಟಿ ಆಗುವುದಿದ್ದರೆ ಅದರ ಬಗ್ಗೆಯೂ ಅವರನ್ನೇ ಕೇಳಿ. ಪ್ರತಿ ಮನೆಯ ಕಥೆ ಬೇರೆ. ಮನೆ, ಸೈಟು, ಫ್ಲಾಟುಗಳಿಗೆ ಈ ತೊಡಕಿಲ್ಲ. ಅವನ್ನು ಹತ್ತಿರದ ಸಂಬಂಧಿಕರು ದಾನವಾಗಿಯೂ ಕೊಡಬಹುದು.

ಹಂತ 2: ಹೆಸರು ಸರಿಮಾಡಿಕೊಳ್ಳಿ

ಕನ್ನಡಿಗರಿಗೆ ಹೆಸರಿನದು ವಿಶೇಷ ಕಷ್ಟ. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಶಿಯಲ್ ಆಗಿ ಮುಂದೆ ನಿಲ್ಲುತ್ತವೆ. ಸರ್‌ನೇಮ್ ಎಂಬುದೇ ಎಷ್ಟೋ ಮನೆಗಳಲ್ಲಿ ಇಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬೀಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದರ್ಥ.

ಪೌರತ್ವದ ಅರ್ಜಿಯಲ್ಲಿ ಹೆಸರು ಬದಲಿಸಿಕೊಳ್ಳಲು ಅವಕಾಶ ಇದೆ. ಅದನ್ನು ಉಪಯೋಗಿಸುವ ಮುಂಚೆ ಯೋಚಿಸಿ. ಬದಲಿಸಿದರೆ ಒಸಿಐ ಅರ್ಜಿಯಲ್ಲಿ ಹಳೆಯ ಹೆಸರಿಗೂ ಹೊಸ ಹೆಸರಿಗೂ ದಾಖಲೆ ತೋರಿಸಬೇಕು. ಪಹಣಿಯಲ್ಲಿ, ಪ್ಯಾನ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ ಇರುವುದು ಹಳೆಯ ಹೆಸರೇ. ಎಫ್‌ಎನ್‌ಯು ಇರುವವರು ಸರಿಪಡಿಸಿಕೊಳ್ಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಉಳಿದವರು ಶೋಕಿಗಾಗಿ ಹೆಸರು ಚಿಕ್ಕದು ಮಾಡಿಕೊಳ್ಳದೆ ಇರುವುದು ಒಳ್ಳೆಯದು. ಬದಲಿಸಿದವರು ಕೋರ್ಟಿನ ಆದೇಶದ ಪ್ರತಿಯನ್ನು ಜೋಪಾನವಾಗಿಡಿ. ಊರಿನಲ್ಲಿ ಖಾತೆ ಬದಲಾವಣೆಗೂ ಅದನ್ನು ಕೇಳುತ್ತಾರೆ.

ಹಂತ 3: ಎನ್-400 ಅರ್ಜಿ

ಅಮೆರಿಕದ ಪೌರತ್ವದ ಅರ್ಜಿಯ ಹೆಸರು ಎನ್-400. ಗ್ರೀನ್ ಕಾರ್ಡ್ ಬಂದು 5 ವರ್ಷ ಆಗಿರಬೇಕು. ಅಮೆರಿಕದ ಪೌರರನ್ನು ಮದುವೆಯಾಗಿ ಅವರ ಜೊತೆಯಲ್ಲೇ ಇದ್ದರೆ 3 ವರ್ಷ ಸಾಕು. ಅವಧಿ ಮುಗಿಯುವ 90 ದಿನ ಮುಂಚೆಯೇ ಅರ್ಜಿ ಹಾಕಬಹುದು. 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಂತೆ ಆನ್‌ಲೈನ್ ಅರ್ಜಿಗೆ 710 ಡಾಲರ್, ಕಾಗದದ ಅರ್ಜಿಗೆ 760 ಡಾಲರ್. ಹಾಕುವ ದಿನ ಇನ್ನೊಮ್ಮೆ ನೋಡಿಕೊಳ್ಳಿ.

ಊರಿಗೆ ಹೋಗಿ ಬರುವವರು ಎಡವುವುದು ದಿನಗಳ ಲೆಕ್ಕದಲ್ಲಿ. 5 ವರ್ಷದಲ್ಲಿ ಒಟ್ಟು 30 ತಿಂಗಳು ನೀವು ಅಮೆರಿಕದಲ್ಲಿ ಇದ್ದಿರಬೇಕು. ಅದರ ಜೊತೆಗೆ, ಒಂದೇ ಸಲಕ್ಕೆ 6 ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ನಿಮ್ಮ ವಾಸ ಕಡಿದುಹೋಯಿತು ಎಂದು ಅಧಿಕಾರಿ ಭಾವಿಸಬಹುದು. ಹಾಗಿಲ್ಲ ಎಂದು ನೀವೇ ದಾಖಲೆ ತೋರಿಸಬೇಕು. ಒಂದು ವರ್ಷ ದಾಟಿದರೆ ಲೆಕ್ಕ ಕಡಿದೇ ಹೋಗುತ್ತದೆ. ಅಪ್ಪನಿಗೆ ಆಪರೇಷನ್ ಆಯಿತು, ಅಮ್ಮ ಒಬ್ಬರೇ ಇದ್ದಾರೆ ಎಂದು ಏಳೆಂಟು ತಿಂಗಳು ನಿಂತವರು ಎಷ್ಟೋ ಜನ. ಜಾಸ್ತಿ ದಿನ ಹೊರಗಿದ್ದು ಮರಳಲು ಮೊದಲೇ ಪಡೆಯುವ ರೀಎಂಟ್ರಿ ಪರ್ಮಿಟ್ ಇದ್ದರೆ ಸಾಕು ಎಂದುಕೊಂಡಿರುತ್ತಾರೆ. ಆ ಪರ್ಮಿಟ್ ಗ್ರೀನ್ ಕಾರ್ಡನ್ನು ಉಳಿಸಲು ನೆರವಾಗುತ್ತದೆ, ಪೌರತ್ವದ ದಿನಗಳ ಲೆಕ್ಕವನ್ನು ಉಳಿಸುವುದಿಲ್ಲ. ಸಾಧ್ಯವಾದರೆ ಆರು ತಿಂಗಳು ತುಂಬುವ ಮುಂಚೆ ಒಮ್ಮೆ ಬಂದು ಹೋಗಿ.

ಸಂದರ್ಶನದಲ್ಲಿ ಸ್ವಲ್ಪ ಇಂಗ್ಲಿಷ್ ಓದಿಸಿ, ಬರೆಸಿ, ನಾಗರಿಕ ಜ್ಞಾನದ ಪ್ರಶ್ನೆ ಕೇಳುತ್ತಾರೆ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಹೊಸ ಪರೀಕ್ಷೆ. 128 ಪ್ರಶ್ನೆಗಳ ಪಟ್ಟಿಯಿಂದ 20ರವರೆಗೆ ಕೇಳುತ್ತಾರೆ, 12ಕ್ಕೆ ಸರಿ ಉತ್ತರ ಹೇಳಬೇಕು. ಪಟ್ಟಿ ಮೊದಲೇ ಸಿಗುತ್ತದೆ, ಓದಿಕೊಂಡರೆ ಕಷ್ಟವಿಲ್ಲ. ಗ್ರೀನ್ ಕಾರ್ಡ್ ಇರುವ ಹಿರಿಯರಿಗೆ ಒಂದು ಅನುಕೂಲ ಇದೆ. 50 ವರ್ಷ ದಾಟಿ 20 ವರ್ಷ ಗ್ರೀನ್ ಕಾರ್ಡಿನಲ್ಲಿ ಇದ್ದವರು, ಅಥವಾ 55 ದಾಟಿ 15 ವರ್ಷ ಇದ್ದವರು ಇಂಗ್ಲಿಷ್ ಪರೀಕ್ಷೆ ಕೊಡಬೇಕಿಲ್ಲ. ದುಭಾಷಿಯನ್ನು ಕರೆದುಕೊಂಡು ಹೋಗಿ ಕನ್ನಡದಲ್ಲೇ ಉತ್ತರ ಹೇಳಬಹುದು. ನಮ್ಮ ಹಿರಿಯರಿಗೆ ಇದನ್ನು ತಿಳಿಸಿ ಹೇಳಿ.

ಹಂತ 4: ಪ್ರಮಾಣವಚನ ಮತ್ತು ನಡುವಿನ ಖಾಲಿ ಸಮಯ

ಪ್ರಮಾಣವಚನದ ದಿನ ಗ್ರೀನ್ ಕಾರ್ಡ್ ವಾಪಸ್ ತೆಗೆದುಕೊಂಡು ಪೌರತ್ವದ ಸರ್ಟಿಫಿಕೇಟ್ ಕೊಡುತ್ತಾರೆ. ಅದರಲ್ಲಿ ಹೆಸರು, ಹುಟ್ಟಿದ ದಿನ ಸರಿಯಾಗಿದೆಯಾ ಎಂದು ಜಾಗ ಬಿಡುವ ಮುಂಚೆಯೇ ನೋಡಿ. ಆಮೇಲೆ ತಿದ್ದಿಸುವುದು ತುಂಬಾ ದಿನ ಹಿಡಿಯುವ ಕೆಲಸ.

ಆ ಕ್ಷಣದಿಂದ ನಿಮ್ಮ ಕೈಯಲ್ಲಿ ಗ್ರೀನ್ ಕಾರ್ಡ್ ಇಲ್ಲ, ಅಮೆರಿಕದ ಪಾಸ್‌ಪೋರ್ಟ್ ಇನ್ನೂ ಬಂದಿಲ್ಲ, ಭಾರತದ ಪಾಸ್‌ಪೋರ್ಟ್ ಬಳಸುವಂತಿಲ್ಲ. ಈ ಸಮಯದಲ್ಲಿ ಊರಿಂದ ಕೆಟ್ಟ ಸುದ್ದಿ ಬಂದರೆ ಪರದಾಟ ಆಗುತ್ತದೆ. ಆದ್ದರಿಂದ ಮದುವೆ, ಗೃಹಪ್ರವೇಶ, ಅಪ್ಪ-ಅಮ್ಮನ ಆಪರೇಷನ್ ಇಂಥದ್ದು ಹತ್ತಿರದಲ್ಲಿದ್ದರೆ ಪ್ರಮಾಣವಚನದ ದಿನಾಂಕ ಮುಂದೂಡಲು ಕೇಳಿಕೊಳ್ಳಿ. ಇಲ್ಲವಾದರೆ ಮರುದಿನವೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ. ದೊಡ್ಡವರಿಗೆ ಒಟ್ಟು 165 ಡಾಲರ್, ಬೇಗ ಬೇಕಾದರೆ ಅದಕ್ಕೆ ಬೇರೆ ಶುಲ್ಕ. ಪೌರತ್ವದ ಸರ್ಟಿಫಿಕೇಟಿನ ಮೂಲಪ್ರತಿಯನ್ನೇ ಕಳಿಸಬೇಕಾಗುತ್ತದೆ, ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಅದು ಪಾಸ್‌ಪೋರ್ಟಿನ ಜೊತೆಗೆ ಬರದೆ ಬೇರೆ ಲಕೋಟೆಯಲ್ಲಿ ಬರುವುದುಂಟು. ಗಾಬರಿ ಬೇಡ.

ಒಸಿಐ ಬರುವ ಮುಂಚೆ ಹೋಗಲೇಬೇಕಾಗಿ ಬಂದರೆ ಅಮೆರಿಕದ ಪಾಸ್‌ಪೋರ್ಟಿನ ಮೇಲೆ ಇ-ವೀಸಾ ಅಥವಾ ದೂತಾವಾಸದಿಂದ ಎಂಟ್ರಿ ವೀಸಾ ಪಡೆದು ಹೋಗಬಹುದು. "ಹಳೆಯ ಪಾಸ್‌ಪೋರ್ಟಿನ ಅವಧಿ ಇನ್ನೂ ಇದೆಯಲ್ಲ, ಇದೊಂದು ಸಲ ಅದರಲ್ಲೇ ಹೋಗಿಬರೋಣ" ಎಂಬ ಯೋಚನೆ ಮಾತ್ರ ಬೇಡವೇ ಬೇಡ. ಅದು 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅಪರಾಧ. ದಂಡ ಬೀಳುತ್ತದೆ, ಮುಂದಿನ ಒಸಿಐ ಅರ್ಜಿಗೂ ತೊಡಕಾಗುತ್ತದೆ.

ಹಂತ 5: ಭಾರತದ ಪಾಸ್‌ಪೋರ್ಟ್ ಸರೆಂಡರ್

ಪೌರತ್ವ ಹೋಗುವುದು ತಾನಾಗಿಯೇ, ಆದರೆ ಪಾಸ್‌ಪೋರ್ಟನ್ನು ನೀವೇ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ಕೊಡುವ ಕಾಗದವೇ ಸರೆಂಡರ್ ಸರ್ಟಿಫಿಕೇಟ್. ಅದಿಲ್ಲದೆ ಒಸಿಐ ಅರ್ಜಿ ಮುಂದೆ ಹೋಗುವುದಿಲ್ಲ.

ಅಮೆರಿಕದಲ್ಲಿ ಈ ಅರ್ಜಿಗಳನ್ನು ವಿಎಫ್‌ಎಸ್ ಎಂಬ ಏಜೆನ್ಸಿ ಪಡೆದು ದೂತಾವಾಸಕ್ಕೆ ಕೊಡುತ್ತದೆ. ನೀವು ವಾಸವಿರುವ ರಾಜ್ಯ ಯಾವ ದೂತಾವಾಸದ ವ್ಯಾಪ್ತಿಗೆ ಬರುತ್ತದೋ ಅಲ್ಲಿಗೇ ಹಾಕಬೇಕು. ಟೆಕ್ಸಸ್‌ನವರು ಹ್ಯೂಸ್ಟನ್‌ಗೆ, ಹೀಗೆ. ವಿಳಾಸಕ್ಕೆ ಡ್ರೈವಿಂಗ್ ಲೈಸೆನ್ಸ್ ಬೇಕು. ಹೊಸದಾಗಿ ಮನೆ ಬದಲಿಸಿದವರು ಲೈಸೆನ್ಸಿನಲ್ಲಿ ವಿಳಾಸ ಮೊದಲು ಬದಲಿಸಿಕೊಳ್ಳಿ. ಸುಮಾರು ಅರ್ಜಿಗಳು ವಾಪಸ್ ಬರುವುದು ಇಷ್ಟು ಸಣ್ಣ ಕಾರಣಕ್ಕೆ.

ರದ್ದು ಮುದ್ರೆ ಒತ್ತಿದ ಹಳೆಯ ಪಾಸ್‌ಪೋರ್ಟ್ ನಿಮಗೆ ವಾಪಸ್ ಬರುತ್ತದೆ. ಎಸೆಯಬೇಡಿ. ನಿಮ್ಮ ಮಕ್ಕಳು, ಮೊಮ್ಮಕ್ಕಳು ಒಸಿಐ ಮಾಡಿಸುವಾಗ ಅವರ ಮೂಲ ಭಾರತ ಎಂಬುದಕ್ಕೆ ಅದೇ ಸಾಕ್ಷಿ.

ಹಂತ 6: ಒಸಿಐ ಅರ್ಜಿ

ಭಾರತ ಸರ್ಕಾರದ ಒಸಿಐ ಜಾಲತಾಣದಲ್ಲಿ ಮೊದಲು ಅರ್ಜಿ ತುಂಬಬೇಕು. ಫೋಟೊ, ಸಹಿ, ದಾಖಲೆಗಳನ್ನು ಅಲ್ಲೇ ಅಪ್‌ಲೋಡ್ ಮಾಡಬೇಕು. ಕೊನೆಗೆ ಸಿಗುವ ಫೈಲ್ ನಂಬರ್ ಬರೆದಿಟ್ಟುಕೊಂಡು, ಪ್ರಿಂಟ್ ತೆಗೆದು ವಿಎಫ್‌ಎಸ್‌ಗೆ ಸಲ್ಲಿಸಬೇಕು. ಎರಡು ಕಡೆ ಎರಡು ಅರ್ಜಿ ಎಂಬುದು ಗೊತ್ತಿಲ್ಲದೆ ಒಂದನ್ನೇ ಹಾಕಿ ಕಾಯುತ್ತಾ ಕೂತವರಿದ್ದಾರೆ. ಸರ್ಕಾರದ ಶುಲ್ಕ 275 ಡಾಲರ್. ವಿಎಫ್‌ಎಸ್ ಮತ್ತು ಅಂಚೆಯ ಖರ್ಚು ಬೇರೆ.

ಕನಿಷ್ಠ 6 ತಿಂಗಳು ಅವಧಿ ಉಳಿದಿರುವ ಅಮೆರಿಕದ ಪಾಸ್‌ಪೋರ್ಟ್, ಪೌರತ್ವದ ಸರ್ಟಿಫಿಕೇಟ್, ಸರೆಂಡರ್ ಸರ್ಟಿಫಿಕೇಟ್, ರದ್ದಾದ ಭಾರತದ ಪಾಸ್‌ಪೋರ್ಟ್, ವಿಳಾಸದ ದಾಖಲೆ ಇಷ್ಟು ಮುಖ್ಯ. ಫೋಟೊ ಚೌಕವಾಗಿರಬೇಕು. ಸಹಿ ಪಾಸ್‌ಪೋರ್ಟಿನ ಸಹಿಗೆ ಹೊಂದಬೇಕು. ಹುಟ್ಟಿದ ಊರಿನ ಕಾಗುಣಿತ ಎಲ್ಲ ಕಡೆ ಒಂದೇ ಇರಲಿ. ಒಂದು ಕಡೆ ಶಿಮೊಗ್ಗ, ಇನ್ನೊಂದು ಕಡೆ ಶಿವಮೊಗ್ಗ ಎಂದಿದ್ದರೆ ಪ್ರಶ್ನೆ ಏಳುತ್ತದೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ.

ಗಂಡ ಅಥವಾ ಹೆಂಡತಿ ಭಾರತ ಮೂಲದವರಲ್ಲದಿದ್ದರೆ, ಮದುವೆ ನೋಂದಣಿಯಾಗಿ 2 ವರ್ಷ ಪೂರ್ತಿ ಆದ ಮೇಲೆ ಅವರೂ ಅರ್ಜಿ ಹಾಕಬಹುದು. ಕಾರ್ಡ್ ಭಾರತದಲ್ಲಿ ಅಚ್ಚಾಗಿ ಬರಬೇಕು. ಅರ್ಜಿ ಹಾಕಿ ಎರಡು ಮೂರು ತಿಂಗಳು ಬಿಟ್ಟುಕೊಂಡು ಪ್ರಯಾಣ ಇಟ್ಟುಕೊಳ್ಳಿ. ಕಾರ್ಡ್ ಕೈಗೆ ಬರುವ ತನಕ ಟಿಕೆಟ್ ಬುಕ್ ಮಾಡಬೇಡಿ. "ಟೂರಿಸ್ಟ್ ವೀಸಾದಲ್ಲಿ ಹೋಗಿ ಬೆಂಗಳೂರಿನಲ್ಲೇ ಹಾಕಿಬಿಡ್ತೀವಿ" ಎಂದರೆ ಆಗುವುದಿಲ್ಲ. ಭಾರತದಲ್ಲಿ ಹಾಕಲು ಟೂರಿಸ್ಟ್ ವೀಸಾ ಅಲ್ಲದ ಬೇರೆ ವೀಸಾದಲ್ಲಿ ಬಂದು ಆರು ತಿಂಗಳು ನೆಲೆಸಿರಬೇಕು.

ಹಂತ 7: ಮಕ್ಕಳದ್ದು

ಅಮೆರಿಕದಲ್ಲೇ ಹುಟ್ಟಿದ ಮಕ್ಕಳು ಹುಟ್ಟಿನಿಂದಲೇ ಅಲ್ಲಿನ ಪೌರರು. ಅವರ ಒಸಿಐ ಅರ್ಜಿಗೆ ಅಪ್ಪ-ಅಮ್ಮ ಇಬ್ಬರ ಸಹಿಯೂ ಬೇಕು. ಭಾರತದಲ್ಲಿ ಹುಟ್ಟಿ ಗ್ರೀನ್ ಕಾರ್ಡಿನಲ್ಲಿ ನಿಮ್ಮ ಜೊತೆ ಇರುವ 18ರ ಒಳಗಿನ ಮಗು, ನೀವು ಪೌರತ್ವ ಪಡೆದ ದಿನವೇ ಸಾಮಾನ್ಯವಾಗಿ ತಾನೂ ಅಮೆರಿಕದ ಪೌರತ್ವ ಪಡೆದುಬಿಡುತ್ತದೆ. ಇದನ್ನು ಗಮನಿಸದೆ ಮಗುವಿನ ಭಾರತದ ಪಾಸ್‌ಪೋರ್ಟನ್ನೇ ಮುಂದುವರಿಸುವವರಿದ್ದಾರೆ. ಮಗುವಿಗೂ ಅಮೆರಿಕದ ಪಾಸ್‌ಪೋರ್ಟ್, ಸರೆಂಡರ್, ಒಸಿಐ ಇದೇ ಕ್ರಮದಲ್ಲಿ ಮಾಡಿಸಿ.

ಮಕ್ಕಳನ್ನು ಮುಂದೆ ಕರ್ನಾಟಕದಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಓದಿಸುವ ಆಸೆ ಇದ್ದರೆ ಒಸಿಐ ಇರುವವರ ಹಕ್ಕುಗಳ ಬಗ್ಗೆ ಕೇಂದ್ರ ಸರ್ಕಾರ ಹೊರಡಿಸಿದ 2021ರ ಮಾರ್ಚ್ 4ರ ಅಧಿಸೂಚನೆ ನಿಮಗೆ ಮುಖ್ಯ. ನೀಟ್, ಜೆಇಇ ಬರೆಯಬಹುದು, ಆದರೆ ಸೀಟು ಎನ್‌ಆರ್‌ಐ ಕೋಟಾದಲ್ಲಿ. ಭಾರತದ ಪೌರರಿಗೇ ಮೀಸಲಾದ ಸೀಟು ಸಿಗುವುದಿಲ್ಲ. ಇದರಿಂದ ಫೀಸಿನ ಲೆಕ್ಕ ಪೂರ್ತಿ ಬದಲಾಗುತ್ತದೆ.

ಹಂತ 8: ಊರಿನ ದಾಖಲೆಗಳು

ಮತದಾರರ ಪಟ್ಟಿಯಿಂದ ಹೆಸರು ತೆಗೆಸಲು ಫಾರಂ 7 ಕೊಡಿ. ಹೆಸರು ಉಳಿದಿದೆ ಎಂದು ಹೋಗಿ ವೋಟು ಹಾಕುವಂತಿಲ್ಲ.

ಬ್ಯಾಂಕಿನಲ್ಲಿ ಹಳೆಯ ಉಳಿತಾಯ ಖಾತೆ ಇನ್ನೂ ಹಾಗೇ ಇದ್ದರೆ ಎನ್‌ಆರ್‌ಒ ಮಾಡಿಸಿ. ಎನ್‌ಆರ್‌ಒ ಎಂದರೆ ಭಾರತದಲ್ಲಿ ಹುಟ್ಟುವ ಬಾಡಿಗೆ, ಬಡ್ಡಿಯಂಥ ದುಡ್ಡಿನ ಖಾತೆ. ಎನ್‌ಆರ್‌ಇ ಎಂದರೆ ನೀವು ಹೊರಗಿನಿಂದ ಕಳಿಸುವ ದುಡ್ಡಿನದು. ಎನ್‌ಆರ್‌ಒದಿಂದ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ಡಾಲರ್‌ವರೆಗೆ ಹೊರಗೆ ಒಯ್ಯಬಹುದು. ಕೆವೈಸಿಗೆ ಹೊಸ ಪಾಸ್‌ಪೋರ್ಟ್, ಒಸಿಐ ಪ್ರತಿ ಕೊಡಿ. ಪ್ಯಾನ್ ನಂಬರ್ ಹಾಗೇ ನಡೆಯುತ್ತದೆ, ವಿವರ ಮಾತ್ರ ತಿದ್ದಿಸಿ.

ಊರಿನ ವ್ಯವಹಾರಕ್ಕೆ ಯಾರಿಗಾದರೂ ಜಿಪಿಎ, ಅಂದರೆ ನಿಮ್ಮ ಪರವಾಗಿ ನಡೆದುಕೊಳ್ಳುವ ಅಧಿಕಾರ ಪತ್ರ, ಕೊಡುವುದಿದ್ದರೆ ಅಮೆರಿಕದಲ್ಲಿ ನೋಟರಿ ಮಾಡಿಸಿ ಅಪೋಸ್ಟಿಲ್ ಮುದ್ರೆ (ದಾಖಲೆ ಬೇರೆ ದೇಶದಲ್ಲೂ ನಡೆಯಲು ಬೇಕಾದ ದೃಢೀಕರಣ) ಹಾಕಿಸಿ. ಆ ಪತ್ರ ಕರ್ನಾಟಕಕ್ಕೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಇದನ್ನು ಮರೆತು ಪತ್ರವನ್ನು ಬೀರುವಿನಲ್ಲಿ ಇಟ್ಟುಬಿಡುತ್ತಾರೆ.

ಜಾಸ್ತಿ ದಿನ ಇರುವವರಿಗೆ ತೆರಿಗೆಯ ಎಚ್ಚರಿಕೆ: ಒಂದು ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ನೀವು ಅಲ್ಲಿನ ನಿವಾಸಿ ಎಂದು ಆದಾಯ ತೆರಿಗೆ ಇಲಾಖೆ ಎಣಿಸುತ್ತದೆ. ಭಾರತದಲ್ಲಿನ ಆದಾಯ 15 ಲಕ್ಷ ರೂಪಾಯಿ ದಾಟಿದ್ದರೆ ಕೆಲವರಿಗೆ 120 ದಿನಕ್ಕೇ ಈ ಪ್ರಶ್ನೆ ಏಳುತ್ತದೆ. ಒಸಿಐ ಕಾರ್ಡ್ ಎಷ್ಟು ದಿನ ಬೇಕಾದರೂ ಇರಲು ಬಿಡುತ್ತದೆ, ತೆರಿಗೆ ಕಾಯ್ದೆ ದಿನ ಎಣಿಸುತ್ತದೆ.

ಕಾರ್ಡ್ ಬಂದ ಮೇಲೆ

ಮೊದಲು 20 ವರ್ಷದವರೆಗೆ ಪ್ರತಿ ಹೊಸ ಪಾಸ್‌ಪೋರ್ಟಿಗೂ, 50 ದಾಟಿದ ಮೇಲೆ ಒಮ್ಮೆಯೂ ಒಸಿಐ ಕಾರ್ಡ್ ಬದಲಿಸಬೇಕಿತ್ತು. 2021ರಲ್ಲಿ ಅದನ್ನು ಸಡಿಲಿಸಿದರು. 20 ವರ್ಷ ತುಂಬುವ ಮುಂಚೆ ಒಸಿಐ ಪಡೆದವರು, 20 ದಾಟಿದ ಮೇಲೆ ಹೊಸ ಪಾಸ್‌ಪೋರ್ಟ್ ಬಂದಾಗ ಒಮ್ಮೆ ಮಾತ್ರ ಕಾರ್ಡ್ ಬದಲಿಸಬೇಕು. ಇದನ್ನು ಬಿಟ್ಟು, 20ರವರೆಗೆ ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ ಮತ್ತು 50 ದಾಟಿದ ಮೇಲೆ ಒಮ್ಮೆ, ಪಾಸ್‌ಪೋರ್ಟ್ ಪ್ರತಿ ಮತ್ತು ಫೋಟೊ ಅಪ್‌ಲೋಡ್ ಮಾಡಬೇಕು. ಮೂರು ತಿಂಗಳೊಳಗೆ ಮಾಡಿ, ಶುಲ್ಕ ಇಲ್ಲ. ಕಾರ್ಡಿನಲ್ಲಿ ಹಳೆಯ ಪಾಸ್‌ಪೋರ್ಟ್ ನಂಬರ್ ಇದ್ದರೆ ಆ ಹಳೆಯದನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿ. ಕೇಳಲೇಬೇಕೆಂದಿಲ್ಲ, ಆದರೆ ವಿಮಾನದ ಚೆಕ್-ಇನ್ ಕೌಂಟರಿನಲ್ಲಿ ವಾದ ಮಾಡುವ ಕಷ್ಟ ತಪ್ಪುತ್ತದೆ.

ಕೆನಡಾ, ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಇರುವವರಿಗೆ ಮೂರು, ನಾಲ್ಕನೇ ಹಂತ ಬೇರೆ. ಕೆನಡಾದಲ್ಲಿ 5 ವರ್ಷದಲ್ಲಿ 1,095 ದಿನ ಇದ್ದಿರಬೇಕು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಕಾಯಂ ವಾಸದ ಅನುಮತಿ ಸಿಕ್ಕಿ ಒಂದು ವರ್ಷ ಆಗಿರಬೇಕು. ಜಮೀನು, ಸರೆಂಡರ್, ಒಸಿಐ ಇವು ಎಲ್ಲರಿಗೂ ಒಂದೇ.

ಇಷ್ಟೆಲ್ಲ ಮಾಡಿ ಮುಂದೊಂದು ದಿನ ಮತ್ತೆ ಭಾರತದ ಪೌರರೇ ಆಗಬೇಕು ಅನಿಸಿದರೆ ಅದಕ್ಕೂ ದಾರಿ ಇದೆ. ಒಸಿಐ ಆಗಿ ನೋಂದಣಿಯಾಗಿ 5 ವರ್ಷ ಆಗಿರಬೇಕು, ಅರ್ಜಿಗೆ ಮುಂಚಿನ 12 ತಿಂಗಳು ಭಾರತದಲ್ಲಿ ನೆಲೆಸಿರಬೇಕು. ಆಗ ಪೌರತ್ವ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅರ್ಜಿ ಹಾಕಿ, ಅಮೆರಿಕದ ಪೌರತ್ವ ಬಿಟ್ಟು, ಮತ್ತೆ ಭಾರತದ ಪೌರರಾಗಬಹುದು. ಆ ಐದು ವರ್ಷ ಒಸಿಐ ನೋಂದಣಿಯ ದಿನದಿಂದ ಲೆಕ್ಕಕ್ಕೆ ಬರುತ್ತದೆ. ಯಾವತ್ತಾದರೂ ಮರಳುವ ಆಸೆ ಇರುವವರು ಪೌರತ್ವ ಬಂದ ಮೇಲೆ ಒಸಿಐ ಅರ್ಜಿಯನ್ನು ವರ್ಷಗಟ್ಟಲೆ ಮುಂದೂಡಬೇಡಿ.